ಆಂಟಿವೈರಸ್ ಕೊಳ್ಳುವ ಮೊದಲು ಮನೆಯ ಕಂಪ್ಯೂಟರಿಗೆ ಮಾಡಬೇಕಾದ ಕೆಲಸ

ಹೊಸ ಕಂಪ್ಯೂಟರ್ ಕೊಂಡವರನ್ನು ಅಂಗಡಿಯವರು ಕೇಳಿಯೇ ಕೇಳುತ್ತಾರೆ: ‘ಆಂಟಿವೈರಸ್ ಹಾಕಿಕೊಡಲೇ?’ ಸದ್ಯಕ್ಕೆ ಬೇಡ ಎನ್ನಿ. ವಿಂಡೋಸ್ 10 ಮತ್ತು 11ರ ಜೊತೆಗೇ ಡಿಫೆಂಡರ್ ಎಂಬ ಆಂಟಿವೈರಸ್ ಬರುತ್ತದೆ. ಮನೆಬಳಕೆಗೆ ಅದು ಧಾರಾಳವಾಗಿ ಸಾಕು. ಆ ದುಡ್ಡು ಬೇರೆಡೆ ಉಪಯೋಗಕ್ಕೆ ಬರುತ್ತದೆ, ಮುಂದೆ ಹೇಳುತ್ತೇನೆ.

ಮೊದಲು ಅಪ್‌ಡೇಟ್. 2017ರ ಮೇ 12ರಂದು ವನ್ನಾಕ್ರೈ ಎಂಬ ಕುತಂತ್ರಾಂಶ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಸೇರಿ ಹಲವು ದೇಶಗಳ ಕಂಪ್ಯೂಟರುಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಜಡಿದು ಬಿಟ್‌ಕಾಯಿನ್ ರೂಪದಲ್ಲಿ ಹಣ ಕೇಳಿತು. ಒಂದು ಯಂತ್ರದಿಂದ ಇನ್ನೊಂದಕ್ಕೆ ಹಾರಲು ಅದಕ್ಕೆ ಯಾರ ಕ್ಲಿಕ್ಕೂ ಬೇಕಿರಲಿಲ್ಲ. ಅದು ನುಸುಳಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪರಿಹಾರ ಬಿಡುಗಡೆ ಮಾಡಿತ್ತು. ಅಪ್‌ಡೇಟ್ ಮಾಡಿಕೊಳ್ಳಲು ಸುಮಾರು ಎರಡು ತಿಂಗಳ ಕಾಲಾವಕಾಶವಿತ್ತು! ಸೆಟ್ಟಿಂಗ್ಸ್ ತೆರೆದು ‘ವಿಂಡೋಸ್ ಅಪ್‌ಡೇಟ್’ ಒತ್ತಿ, ಬಾಕಿ ಇರುವುದನ್ನೆಲ್ಲ ಹಾಕಿಸಿಕೊಂಡು ರೀಸ್ಟಾರ್ಟ್ ಮಾಡಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಯಂತ್ರ 11ನ್ನು ತಾಳದಷ್ಟು ಹಳೆಯದಾಗಿದ್ದರೆ ವಿಂಡೋಸ್ ಬದಲಿಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿಸಿ. ಎರಡೂ ಉಚಿತ, ಕನ್ನಡವೂ ಚೆನ್ನಾಗಿ ಕಾಣುತ್ತದೆ. ಕದ್ದ ವಿಂಡೋಸನ್ನು ‘ಆಕ್ಟಿವೇಟ್’ ಮಾಡಲು ಸಿಗುವ ಬಿಟ್ಟಿ ತಂತ್ರಾಂಶಗಳನ್ನು ಮಾತ್ರ ಮುಟ್ಟಬೇಡಿ. ಅವು ಓಡುವ ಮೊದಲೇ ಡಿಫೆಂಡರನ್ನು ಆಫ್ ಮಾಡಿ ಎನ್ನುತ್ತವೆ. ಕಾರಣ ಊಹಿಸಿ.

ಎರಡನೆಯ ಕೆಲಸವನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಹೊಸ ಕಂಪ್ಯೂಟರಿನಲ್ಲಿ ತೆರೆಯುವ ಮೊದಲ ಖಾತೆ ಅಡ್ಮಿನಿಸ್ಟ್ರೇಟರ್ ಖಾತೆ. ದಿನವೂ ಅದರಲ್ಲೇ ಅಂತರ್ಜಾಲಕ್ಕೆ ಇಳಿಯುವುದೆಂದರೆ ತಿಜೋರಿಯ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಂತೆಗೆ ಹೋದಂತೆ. ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ‘ಅದರ್ ಯೂಸರ್ಸ್’ಗೆ ಹೋಗಿ ಹೊಸ ಖಾತೆ ತೆರೆದು, ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ ಪಾಸ್‌ವರ್ಡ್ ಕೊಡಿ. ಆಮೇಲೆ ಆ ಖಾತೆಯಿಂದ ಒಳಬಂದು ನಿಮ್ಮ ನಿತ್ಯದ ಖಾತೆಯನ್ನು ‘ಸ್ಟ್ಯಾಂಡರ್ಡ್’ಗೆ ಇಳಿಸಿ. ಇನ್ನು ಮುಂದೆ ಇಡೀ ಕಂಪ್ಯೂಟರನ್ನು ಬದಲಿಸಲು ಹೊರಟ ಯಾವುದೇ ತಂತ್ರಾಂಶ ಪಾಸ್‌ವರ್ಡ್ ಕೇಳಿ ನಿಲ್ಲುತ್ತದೆ. ಮಕ್ಕಳು ಆಟದ ನೆಪದಲ್ಲಿ ಏನೇನೋ ಇಳಿಸಿಕೊಳ್ಳುವುದಕ್ಕೂ ಕಡಿವಾಣ ಬೀಳುತ್ತದೆ.

ಇಳಿಸಿಕೊಳ್ಳುವ ಮಾತು ಬಂತು. ಕನ್ನಡ ಟೈಪ್ ಮಾಡಲು ‘ನುಡಿ’ ತಂತ್ರಾಂಶ ಬೇಕೆಂದು ಹುಡುಕಿ ನೋಡಿ. ಅದನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿಗೆ ಸಂಬಂಧವೇ ಇಲ್ಲದ ತಾಣಗಳೂ ಸಾಲುಗಟ್ಟುತ್ತವೆ. ಇಂಥ ಪುಟಗಳಲ್ಲಿ ಢಾಳಾಗಿ ಹೊಳೆಯುವ ‘ಡೌನ್‌ಲೋಡ್’ ಗುಂಡಿ ಎಷ್ಟೋ ಸಲ ಬರೀ ಜಾಹೀರಾತು. ನಿಜವಾದ ಕೊಂಡಿ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿರುತ್ತದೆ. ತಂತ್ರಾಂಶ ಮಾಡಿದವರ ತಾಣದಿಂದಲೇ ಇಳಿಸಿಕೊಳ್ಳಿ. ಜೊತೆಗೆ ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆನ್ ಮಾಡಿ. ‘ಬಿಲ್ ಡಾಟ್ ಪಿಡಿಎಫ್’ ಎಂದು ಕಾಣುತ್ತಿದ್ದ ಇಮೇಲ್ ಲಗತ್ತಿನ ಬಾಲದಲ್ಲಿ ‘ಡಾಟ್ ಇಎಕ್ಸ್‌ಇ’ ಇಣುಕಿದರೆ ಅದು ಬಿಲ್ ಅಲ್ಲ, ಓಡಲು ಕಾದಿರುವ ತಂತ್ರಾಂಶ. ನೇರ ಅಳಿಸಿ.

ಇನ್ನೊಂದು ಮೋಸ ಹಿರಿಯರನ್ನೇ ಹೆಚ್ಚು ಕಂಗೆಡಿಸುತ್ತದೆ. ಏನೋ ಓದುತ್ತಿರುವಾಗ ಪರದೆಯ ತುಂಬ ಎಚ್ಚರಿಕೆ, ಕಿರುಚುವ ಸದ್ದು, ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಈ ನಂಬರಿಗೆ ಕರೆ ಮಾಡಿ’ ಎಂಬ ಸೂಚನೆ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಅದು ಬ್ರೌಸರಿನ ಒಂದು ಪುಟ, ಅಷ್ಟೆ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಿರಿ, ಬಳಿಕ ಆಲ್ಟ್ ಮತ್ತು ಎಫ್4 ಒತ್ತಿ. ಜಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ಮುಚ್ಚಿ. ಕರೆ ಮಾಡಿದಿರೋ, ಆ ಕಡೆಯವರು ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್‌ನಂಥ ತಂತ್ರಾಂಶ ಹಾಕಿಸಿ ಅದರ ಸಂಖ್ಯೆ ಕೇಳುತ್ತಾರೆ. ಎನಿಡೆಸ್ಕ್ ಕೆಟ್ಟದ್ದಲ್ಲ, ಕಚೇರಿಗಳಲ್ಲಿ ಬಳಸುವಂಥದ್ದೇ. ಆದರೆ ಸಂಖ್ಯೆ ಹೇಳಿ, ಬಂದ ಕೋರಿಕೆಗೆ ಒಪ್ಪಿಗೆ ಒತ್ತಿದರೆ ಮೌಸ್ ಅವರ ಕೈಗೆ ಹೋದ ಹಾಗೆಯೇ.

ರೂಟರಿಗೆ ಹತ್ತು ನಿಮಿಷ ಸಾಕು. ಅದರ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ವಿಳಾಸ, ಪಾಸ್‌ವರ್ಡ್ ಎರಡೂ ಇರುತ್ತವೆ. ಒಳಹೊಕ್ಕು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಬಳಸಿದ ದಾಳಿಕೋರರು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೂಟರುಗಳನ್ನು ಹುಡುಕಿ ಹುಡುಕಿ ವಶಪಡಿಸಿಕೊಂಡಿದ್ದರು.

ಇನ್ನು ಆ ಉಳಿದ ದುಡ್ಡು. ಒಂದು ಹೊರಗಿನ ಹಾರ್ಡ್‌ಡಿಸ್ಕ್ ಕೊಳ್ಳಲು ಬಳಸಿ. ಫೋಟೊ, ಅಂಕಪಟ್ಟಿ, ಜಮೀನಿನ ಪತ್ರಗಳ ಸ್ಕ್ಯಾನ್ ಎಲ್ಲವನ್ನೂ ತಿಂಗಳಿಗೊಮ್ಮೆ ಅದಕ್ಕೆ ನಕಲಿಸಿ, ತಂತಿ ಕಿತ್ತು ಬೀರುವಿನಲ್ಲಿಡಿ. ತಂತಿ ಕೀಳುವುದೇ ಮುಖ್ಯ: ಸುಲಿಗೆ ಕುತಂತ್ರಾಂಶ ಸಿಕ್ಕಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ.

ಇಷ್ಟಾದರೂ ಯಾರೋ ಒಳಗೆ ಬಂದಿದ್ದಾರೆ ಅನ್ನಿಸಿದರೆ ವೈಫೈ ಆರಿಸಿ, ಕೇಬಲ್ ಕಿತ್ತುಬಿಡಿ. ಪಾಸ್‌ವರ್ಡ್‌ಗಳನ್ನು ಬೇರೆ ಯಂತ್ರದಿಂದ ಬದಲಿಸಿ, ಮೊದಲು ಇಮೇಲಿನದು, ಆಮೇಲೆ ಬ್ಯಾಂಕಿನದು. ಹಣ ಹೋಗಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಕ್ಷಣ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ವಹಿವಾಟಿನ ಸಂಖ್ಯೆ, ಸಮಯ, ಮೊತ್ತ ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಕರೆ ಮಾಡಿ, ಅವನ್ನು ಕೇಳುತ್ತಾರೆ.