ಗೂಡಿಗೊಂದು ಬೋರ್ಡು ಹಾಕಿದೆ, ಮೊಟ್ಟೆ ಉಳಿಯಿತು

ಬರೀ ಬೋರ್ಡು ನೆಟ್ಟರೆ ಕಡಲಾಮೆ ಮೊಟ್ಟೆ ಉಳಿಯುತ್ತಾ ಅಂತ ನಕ್ಕವರೇ ಈ ಸಲ ಫೋನ್ ಮಾಡಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕುಂದಾಪುರದ ಕಡೆಯ ಕಡಲತೀರ. ಒಡಿಶಾದ ಹಾಗೆ ಇಲ್ಲಿ ಆಲಿವ್ ರಿಡ್ಲೆ ಅನ್ನುವ ಜಾತಿಯ ಕಡಲಾಮೆಗಳು ಮೊಟ್ಟೆಯಿಡಲು ಲಕ್ಷಗಟ್ಟಲೆ ಬರುವುದಿಲ್ಲ. ವರ್ಷಕ್ಕೆ ಹತ್ತು ಹದಿನೈದು ಗೂಡು ಸಿಕ್ಕರೆ ಅದೇ ಜಾಸ್ತಿ.

ಮೊದಲ ವರ್ಷ ಪ್ರೊಜೆಕ್ಟರ್ ಬಾಡಿಗೆಗೆ ತಂದು ದೇವಸ್ಥಾನದ ಅಂಗಳದಲ್ಲಿ ಭಾಷಣ ಮಾಡಿದೆ. ಬ್ಯಾನರ್, ಚಾ, ಅವಲಕ್ಕಿ ಎಲ್ಲ ಸೇರಿ ಆರೇಳು ಸಾವಿರ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಜೈಲು ಅಂತ ಹೆದರಿಸಿಯೂ ನೋಡಿದೆ. ಮೀನು ಮಾರುವ ಅಕ್ಕ ಒಬ್ಬರು ಎದ್ದು ನಿಂತು, "ಮಾಷ್ಟ್ರೇ, ಮೊಟ್ಟೆ ಮಾರಿದ್ರೆ ದುಡ್ಡ್ ಸಿಕ್ಕತ್ತ್, ನಿಮ್ಮ್ ಭಾಷಣಕ್ಕೆ ಎಂತ ಸಿಕ್ಕತ್ತ್?" ಅಂದರು. ಅಂಗಳವಿಡೀ ನಗು.

ಆ ವರ್ಷ ಸಿಕ್ಕಿದ್ದು ಎರಡೇ ಗೂಡು. ಒಂದನ್ನು ನಾನೇ ಹಾಳು ಮಾಡಿದೆ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ, ಮೊಟ್ಟೆಗಳನ್ನು ಬಕೆಟ್ಟಿಗೆ ಹಾಕಿ ಬೈಕಿನಲ್ಲಿ ತಂದೆ. ಅಷ್ಟು ಹೊತ್ತಿಗೆ ಒಳಗಿನ ಜೀವ ಸಿಪ್ಪೆಗೆ ಅಂಟಿಕೊಂಡಿರುತ್ತದೆ. ಕುಲುಕಿದರೆ ಮುಗಿಯಿತು. 60 ದಿನ ಕಾದು ಅಗೆದರೆ ಬಂದದ್ದು ಕೊಳೆತ ವಾಸನೆ. ಈಗ ಬೆಳಕು ಹರಿಯುವ ಮೊದಲೇ ಎತ್ತುತ್ತೇವೆ, ಅದೂ ಅರಣ್ಯ ಇಲಾಖೆಯವರಿಗೆ ತಿಳಿಸಿಯೇ. ತಡವಾದರೆ ಅಲ್ಲೇ ಬೇಲಿ.

ಎರಡನೇ ವರ್ಷ ಗೂಡು ತೋರಿಸಿದವರಿಗೆ 500 ರೂಪಾಯಿ ಅಂದೆ. ಒಂದೇ ಗೂಡಿಗೆ ಮೂವರು ಜಗಳಕ್ಕೆ ನಿಂತರು. ಒಬ್ಬ ಹುಡುಗ ದೋಣಿಯ ಹುಟ್ಟಿನಲ್ಲಿ ಮರಳು ಕೆತ್ತಿ ಆಮೆಯ ಜಾಡು ಮಾಡಿಟ್ಟಿದ್ದ. ಚೆನ್ನಾಗಿಯೇ ಇತ್ತು. ಆದರೆ ಆಮೆ ಮೇಲೆ ಬಂದ ಜಾಡು ಮಾತ್ರ ಇತ್ತು, ವಾಪಸ್ ಹೋದದ್ದು ಇರಲಿಲ್ಲ!

ಮೂರನೇ ವರ್ಷ ಕೈಯಲ್ಲಿ ದುಡ್ಡಿರಲಿಲ್ಲ. ಪ್ಲೈವುಡ್ ಚೂರಿನ ಮೇಲೆ ನೀಲಿ ಬಣ್ಣದಲ್ಲಿ ತಾರೀಕು, ಗೂಡು ತೋರಿಸಿದವರ ಮನೆಯ ಮಗುವಿನ ಹೆಸರು ಬರೆದು ನೆಟ್ಟೆ. ಖರ್ಚು ನಲವತ್ತು ರೂಪಾಯಿ. ಮರಿ ಹೊರಬಂದ ದಿನ ಗೂಡಿನ ಮೇಲೆ ಮುಚ್ಚಿಟ್ಟ ಬುಟ್ಟಿ ಎತ್ತುವುದು ಆ ಮಗುವೇ. ಮರಿ ಮುಟ್ಟುವ ಹಾಗಿಲ್ಲ, ಅದು ತಾನೇ ನಡೆದು ನೀರಿಗೆ ಹೋಗಬೇಕು. ಮೊದಲ ಬೋರ್ಡು ಅದೇ ಅಕ್ಕನ ಮೊಮ್ಮಗನದು. ಈಗ ಅವರೇ ಕೋಲು ಹಿಡಿದು ನಾಯಿ ಓಡಿಸುತ್ತಾರೆ.

ನಾಯಿಗೆ ಮೆಣಸಿನ ಪುಡಿಯನ್ನೂ ಹಾಕಿ ನೋಡಿದ್ದೆ. ಕಡಲ ಗಾಳಿಗೆ ನನ್ನ ಕಣ್ಣೇ ಉರಿಯಿತು. ಅರ್ಧ ಗೂಡುಗಳಿಗೆ ತೆಂಗಿನ ಮಡಲಿನ ನೆರಳು ಕೊಟ್ಟೆ. ಅವು ಐದಾರು ದಿನ ತಡವಾಗಿ ಒಡೆದವು. ಮರಳು ತಂಪಾದರೆ ಗಂಡು ಜಾಸ್ತಿ ಅಲ್ವಾ, ಊರಿನವರು ಅದಕ್ಕೆ 'ಗಂಡುಮಕ್ಕಳ ಕೋಣೆ' ಅಂತ ಹೆಸರಿಟ್ಟಿದ್ದಾರೆ.

ಈ ಸಲ 14 ಗೂಡು. ಸುಮಾರು ಸಾವಿರದ ನೂರು ಮರಿ ನೀರು ಸೇರಿರಬೇಕು. ಮರಳಿನಡಿ ಮೊಟ್ಟೆಯ ಗುಳಿ ಎಲ್ಲಿದೆ ಅಂತ ನಾನು ಹೇಗೆ ಹುಡುಕುತ್ತೇನೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಕದಿಯುವವರೂ ಓದುತ್ತಾರೆ.

ಇನ್ನು ಉಳಿದದ್ದು ರಸ್ತೆಯ ದೀಪ. ಮೊನ್ನೆ ಒಂದು ಗೂಡಿನ ಮರಿಗಳು ಸಮುದ್ರ ಬಿಟ್ಟು ಅತ್ತ ಹೊರಟವು. ಬೋರ್ಡಿನ ಮಕ್ಕಳೆಲ್ಲ ಮನೆಯಿಂದ ಚಾಪೆ ತಂದು ಅಡ್ಡ ಹಿಡಿದು ಸಾಲಾಗಿ ನಿಂತರು.