ಬಿಳಿಗಿರಿರಂಗನ ಬೆಟ್ಟವನ್ನು ಬುಡದಿಂದ ನೋಡುತ್ತಾ ಹತ್ತುವುದು ಹೇಗೆ

ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಬಂದವರನ್ನು ಒಮ್ಮೆ ಕೇಳಿ ನೋಡಿ. ದೇವಸ್ಥಾನ ಆಯ್ತು, ಸಫಾರಿ ಆಯ್ತು, ಹುಲಿ ಸಿಗಲಿಲ್ಲ ಅಂತಾರೆ. ಅಷ್ಟೇ. ನನಗೆ ಇದು ಕೇಳಿದಾಗಲೆಲ್ಲ ಸಂಕಟ ಆಗುತ್ತದೆ. ಯಾಕೆಂದರೆ ಚಾಮರಾಜನಗರ ಜಿಲ್ಲೆಯ ಈ ಪುಟ್ಟ ಬೆಟ್ಟಸಾಲು ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ನಡುವೆ ಸೇತುವೆ ಹಾಗೆ ನಿಂತಿದೆ, ಎರಡೂ ಕಡೆಯ ಗಿಡಮರ ಪ್ರಾಣಿ ಪಕ್ಷಿ ಇಲ್ಲಿ ಬಂದು ಸೇರುತ್ತವೆ, ಮತ್ತು ಅದೆಲ್ಲ ಒಂದೇ ರಸ್ತೆಯಲ್ಲಿ ಒಂದೇ ಬೆಳಗ್ಗೆ ನೋಡಲು ಸಿಗುತ್ತದೆ. ಹುಲಿ ಕಂಡರೆ ಅದೃಷ್ಟ. ಕಾಣದಿದ್ದರೂ ಎರಡು ದಿನ ಸಾಲದಷ್ಟು ಇದೆ. ಎಲ್ಲಿ, ಏನು ನೋಡಬೇಕು ಅಂತ ಗೊತ್ತಿದ್ದರೆ ಸಾಕು.

ಮೊದಲು ಯಾವಾಗ ಹೋಗಬೇಕು ಅನ್ನೋದು. ಈ ಬೆಟ್ಟಕ್ಕೆ ಎರಡು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಆಮೇಲೆ ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು. ಹಿಂಗಾರು ಮುಗಿದು ಜನವರಿ ತನಕದ ಸಮಯ ನನ್ನ ಆಯ್ಕೆ. ಕಾಡು ಇನ್ನೂ ಹಸಿರಾಗಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ನೆಲ್ಲಿಮರದಲ್ಲಿ ಕಾಯಿ ಇರುತ್ತದೆ. ಚಳಿ ಮಾತ್ರ ಜೋರು, ಸ್ವೆಟರ್ ಮರೆಯಬೇಡಿ. ಫೆಬ್ರವರಿ ದಾಟಿದರೆ ಎಲೆ ಉದುರಿ ಕಾಡೆಲ್ಲ ಒಣಗುತ್ತದೆ, ಕಾಳ್ಗಿಚ್ಚಿನ ಭಯ ಇರುತ್ತದೆ. ವೈಶಾಖದಲ್ಲಿ ದೊಡ್ಡ ತೇರು. ಜನಜಾತ್ರೆ ಇಷ್ಟ ಇದ್ದರೆ ಆಗ ಹೋಗಿ, ಕಾಡು ನೋಡುವ ಆಸೆ ಇದ್ದರೆ ಬೇಡ.

ದಾರಿ ಎರಡಿವೆ. ಒಂದು ಯಳಂದೂರಿನಿಂದ ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಹತ್ತುವುದು, ಸುಮಾರು 24 ಕಿ.ಮೀ. ಇನ್ನೊಂದು ಚಾಮರಾಜನಗರದ ಕಡೆಯಿಂದ ಹೊಂಡರಬಾಳು, ಕೆ.ಗುಡಿ ಮೇಲೆ ಬರುವುದು. ಕೆ.ಗುಡಿ ಅಂದರೆ ಕ್ಯಾತದೇವರ ಗುಡಿ. ಯಳಂದೂರಿನ ಕಡೆ ಹತ್ತಿ, ಮಾರನೇ ದಿನ ಕೆ.ಗುಡಿ ಕಡೆ ಇಳಿಯಿರಿ. ಹೀಗೆ ಮಾಡಿದರೆ ಬೆಟ್ಟವನ್ನು ಅಡ್ಡ ದಾಟಿದ ಹಾಗೆ ಆಗುತ್ತದೆ, ಹೋದ ದಾರಿಯಲ್ಲೇ ವಾಪಸ್ ಬರುವುದು ತಪ್ಪುತ್ತದೆ. ಸಾರಿಗೆ ಬಸ್ಸಿನಲ್ಲಿ ಹೋಗುವವರು ಕಿಟಕಿ ಸೀಟು ಹಿಡಿಯಿರಿ. ಕಾರಿನವರು ಯಳಂದೂರಿನಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ. ಒಳಗೆ ಗಾಡಿ ನಿಲ್ಲಿಸಿ ಇಳಿಯುವ ಹಾಗಿಲ್ಲ, ಇದು ಹುಲಿ ಸಂರಕ್ಷಿತ ಪ್ರದೇಶ, ಆನೆ ರಸ್ತೆಗೆ ಬರುತ್ತದೆ. ಸಂಜೆ ಆದ ಮೇಲೆ ಗೇಟು ಹಾಕುತ್ತಾರೆ. ಯಾವ ಗಾಡಿ ಬಿಡುತ್ತಾರೆ, ಎಷ್ಟು ಗಂಟೆವರೆಗೆ ಬಿಡುತ್ತಾರೆ ಅನ್ನೋದನ್ನು ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಈಗ ಹತ್ತುವಾಗ ಏನು ನೋಡಬೇಕು ಅನ್ನೋದು. ಇದೇ ಮುಖ್ಯ. ಬುಡದಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ತುದಿಯಲ್ಲಿ 3000 ಮಿ.ಮೀ.ವರೆಗೂ ಬೀಳುತ್ತದೆ. ಎತ್ತರವೂ ಸುಮಾರು 600 ಮೀಟರ್‌ನಿಂದ 1800 ಮೀಟರ್‌ವರೆಗೆ ಏರುತ್ತದೆ. ಅಂದರೆ ನೀವು ರಸ್ತೆಯಲ್ಲಿ ಹತ್ತುತ್ತಾ ಹೋದಂತೆ ಮಳೆ ಬದಲಾಗುತ್ತದೆ, ಮಳೆ ಬದಲಾದಂತೆ ಮರ ಬದಲಾಗುತ್ತದೆ. ಕೆಳಗೆ ಮುಳ್ಳುಕಂಟಿ, ಕುರುಚಲು. ಸ್ವಲ್ಪ ಮೇಲೆ ಹೋದರೆ ಬೇಸಿಗೆಗೆ ಎಲೆ ಉದುರಿಸುವ ಮರಗಳು: ದಿಂಡಿಗ, ಮತ್ತಿ, ಹೊನ್ನೆ. ನೆಲ್ಲಿಯೂ ಇಲ್ಲೇ. ಇನ್ನೂ ಮೇಲೆ, ಕಣಿವೆಗಳಲ್ಲಿ, ಬಿಸಿಲು ನೆಲಕ್ಕೆ ಬೀಳದಷ್ಟು ದಟ್ಟವಾದ ನಿತ್ಯಹಸಿರು ಕಾಡು, ಅದರ ನೆತ್ತಿಯ ಮೇಲೆ ಬರೀ ಹುಲ್ಲು. ತಿರುವಿನಿಂದ ತಿರುವಿಗೆ ಎಲೆಯ ಅಗಲ ನೋಡುತ್ತಾ ಹೋಗಿ. ಕೆಳಗೆ ಸಣ್ಣ ಎಲೆ, ಮೇಲೆ ಅಗಲ ಎಲೆ. ತೊಗಟೆಯ ಮೇಲೆ ಪಾಚಿ ಶುರುವಾಯಿತು ಅಂದರೆ ಮೋಡ ಬಂದು ಕೂರುವ ಎತ್ತರಕ್ಕೆ ಬಂದಿರಿ ಅಂತ ಅರ್ಥ.

ಈ ಬೆಟ್ಟದ ಆದಿವಾಸಿಗಳಾದ ಸೋಲಿಗರು ಈ ಬಗೆಬಗೆಯ ಕಾಡಿಗೆಲ್ಲ ಹೆಸರು ಇಟ್ಟಿದ್ದಾರೆ. ಎಲೆ ಉದುರುವುದು ನಾಡುಕಾಡು, ಹಳ್ಳದ ಬದಿಯದು ಕಾನುಕಾಡು, ಮೇಲಿನ ದಟ್ಟ ಕಾಡು ಮಲೆಕಾಡು, ಹುಲ್ಲಿನದು ಬೋಳಿ. ಈ ನಾಲ್ಕು ಪದ ಬಾಯಿಪಾಠ ಮಾಡಿಕೊಂಡು ಹತ್ತಿ, ರಸ್ತೆ ಬೇರೆಯೇ ಕಾಣುತ್ತದೆ.

ಮೇಲೆ ಬಂದ ಮೇಲೆ ದೇವಸ್ಥಾನ. ಬಿಳಿ ಬಂಡೆಯ ಅಂಚಿನಲ್ಲಿದೆ, ಬೆಟ್ಟಕ್ಕೆ ಹೆಸರು ಬಂದದ್ದೂ ಆ ಬಂಡೆಯಿಂದಲೇ ಅಂತಾರೆ. ಶ್ರೀರಂಗಪಟ್ಟಣದ ರಂಗನಾಥ ಮಲಗಿದ್ದಾನೆ ಅಲ್ವಾ, ಇಲ್ಲಿಯವನು ನಿಂತಿದ್ದಾನೆ. ದರ್ಶನ ಮುಗಿಸಿ ಓಡಬೇಡಿ, ಚಪ್ಪಲಿ ನೋಡಿ. ದೇವರದ್ದು. ತೊಗಲಿನ ಜೋಡು, ಒಂದೊಂದೂ ಒಂದೂಮುಕ್ಕಾಲು ಅಡಿ ಉದ್ದ. ಬೂದಿತಿಟ್ಟು ಗ್ರಾಮದ ಜನ ವಂಶಪಾರಂಪರ್ಯವಾಗಿ ಹೊಲಿದು ತಂದು ಒಪ್ಪಿಸುತ್ತಾರೆ. ರಂಗಪ್ಪ ರಾತ್ರಿ ಇದನ್ನು ಮೆಟ್ಟಿಕೊಂಡು ಕಾಡು ಸುತ್ತುತ್ತಾನೆ, ಸವೆದ ಮೇಲೆ ಹೊಸದು ಬೇಕು ಅನ್ನೋದು ನಂಬಿಕೆ. ಆ ಚಪ್ಪಲಿಯನ್ನು ಭಕ್ತರ ತಲೆಗೆ ಮುಟ್ಟಿಸಿ ಆಶೀರ್ವಾದ ಮಾಡುತ್ತಾರೆ. ನಾನು ಮೊದಲ ಸಲ ತಲೆ ಬಗ್ಗಿಸಿದಾಗ ಹಳೇ ತೊಗಲಿನ ವಾಸನೆ ಮೂಗಿಗೆ ಬಂತು, ಅದು ಇವತ್ತಿಗೂ ನೆನಪಿದೆ. ಆಮೇಲೆ ಬಂಡೆಯ ಅಂಚಿನ ಕಟಾಂಜನದ ಹತ್ತಿರ ನಿಂತು ಕೆಳಗಿನ ಬಯಲು ನೋಡಿ. ಕೆರೆಗಳು ಬಿಲ್ಲೆಗಳ ಹಾಗೆ ಹೊಳೆಯುತ್ತವೆ. ನೀವು ಹತ್ತಿ ಬಂದ ಒಣ ಸೀಮೆ ಅದು.

ಇಲ್ಲೇ ಇನ್ನೊಂದು ಮಾತು ತಿಳಿದಿರಲಿ. ಸೋಲಿಗರಿಗೆ ರಂಗಪ್ಪ ಭಾವ. ಅವರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದವನು ಅಂತ ಕಥೆ ಹಾಡುತ್ತಾರೆ. ಹಾಗಾಗಿ ಈ ಬೆಟ್ಟದಲ್ಲಿ ದೇವರು ಅಂದರೆ ನಂಟ, ಸಲುಗೆಯಿಂದ ರೇಗಿಸಬಹುದಾದವನು. ಇದು ಗೊತ್ತಿಲ್ಲದೆ ನೋಡಿದರೆ ಈ ದೇವಸ್ಥಾನ ಅರ್ಧವೇ ಅರ್ಥವಾಗುತ್ತದೆ.

ಎರಡನೇ ದಿನವನ್ನು ಸೋಲಿಗರಿಗೆ ಇಡಿ. ಅವರ ಊರಿಗೆ ಪೋಡು ಅನ್ನುತ್ತಾರೆ. ಸುಮ್ನೆ ಕ್ಯಾಮೆರಾ ಹಿಡಿದು ನುಗ್ಗಬೇಡಿ, ಅದು ಜನರ ಮನೆ. ಪರಿಚಯದವರ ಮೂಲಕ ಅಥವಾ ಸ್ಥಳೀಯ ಸೋಲಿಗ ಗೈಡ್ ಒಬ್ಬರ ಜೊತೆ ಹೋಗಿ, ಅವರ ದಿನದ ಕೂಲಿಯನ್ನು ಮೊದಲೇ ಮಾತಾಡಿ ಪೂರ್ತಿ ಕೊಡಿ. ಹಿರಿಯರನ್ನು ತಾತ, ಅಜ್ಜಿ ಅಂತ ಕರೆಯಿರಿ. ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರ, ನಿಧಾನವಾಗಿ ಕೇಳಿಸಿಕೊಂಡರೆ ಅರ್ಥವಾಗುತ್ತದೆ. ಫೋಟೋ ಬೇಕಿದ್ದರೆ ಕೇಳಿ ತೆಗೆಯಿರಿ. ಮಕ್ಕಳಿಗೆ ಚಾಕೊಲೇಟ್ ಹಂಚುವ ಅಭ್ಯಾಸ ದಯವಿಟ್ಟು ಬೇಡ.

ಹೋದ ಮೇಲೆ ಏನು ಕೇಳಬೇಕು? ಜೇನಿನ ಬಗ್ಗೆ ಕೇಳಿ. ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರುಜೇನು, ಒಂದೊಂದರ ಗೂಡು ಎಲ್ಲಿ, ಯಾವ ಹೂವಿನ ಕಾಲದಲ್ಲಿ ತುಪ್ಪ ಹೇಗಿರುತ್ತದೆ ಅಂತ ಹೇಳಲು ಶುರುಮಾಡಿದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ನೆಲ್ಲಿಯ ಬಗ್ಗೆ ಕೇಳಿ. ಒಬ್ಬರು ತಾತ ನನ್ನನ್ನು ಒಂದು ನೆಲ್ಲಿಮರದ ಕೆಳಗೆ ನಿಲ್ಲಿಸಿ ಕೊಂಬೆಯೊಂದನ್ನು ತೋರಿಸಿದರು. ನೆಲ್ಲಿಯ ಎಲೆ ಗರಿಯ ಹಾಗೆ ಸಣ್ಣದು, ಅದರ ನಡುವೆ ಒಂದು ಕಡೆ ದಪ್ಪ ದುಂಡು ಎಲೆಯ ಗೊಂಚಲು. "ಇದು ಉಪ್ಪಿಲು ಕಣಪ್ಪ. ಮರದ ರಸ ಕುಡಿದು ಮರಾನೇ ಕೊಲ್ತದೆ. ಮುಂಚೆ ನಾವು ತರಗುಬೆಂಕಿ ಹಾಕ್ತಿದ್ದೋ, ಇದು ಕಮ್ಮಿ ಇತ್ತು" ಅಂದರು. ತರಗುಬೆಂಕಿ ಅಂದರೆ ಒಣಗಿದ ಎಲೆಗೆ ಬೇಸಿಗೆಯ ಶುರುವಿನಲ್ಲೇ ಹಚ್ಚುತ್ತಿದ್ದ ಸಣ್ಣ ಬೆಂಕಿ. ನೆಲದ ಕಸ ಸುಡುತ್ತಿತ್ತು, ದೊಡ್ಡ ಮರಕ್ಕೆ ತಾಗುತ್ತಿರಲಿಲ್ಲ. 1974ರಲ್ಲಿ ಇದು ಅಭಯಾರಣ್ಯವಾದ ಮೇಲೆ ಅದು ನಿಂತಿತು. ರಸ್ತೆ ಬದಿಯಲ್ಲಿ ಬಣ್ಣಬಣ್ಣದ ಹೂ ಬಿಟ್ಟ ಲಂಟಾನ ಪೊದೆ ಕಾಣುತ್ತದಲ್ಲ, ಅದು ಇಷ್ಟು ಹಬ್ಬಲು ಇದೂ ಒಂದು ಕಾರಣ ಅಂತ ಸೋಲಿಗರು ಹೇಳುತ್ತಾರೆ. ಅವರ ಮಾತಿನಲ್ಲಿ ತೂಕ ಇದೆ ಅಂತಲೇ ನನ್ನ ಅನಿಸಿಕೆ.

2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯದ ಹಕ್ಕುಪತ್ರವೂ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಪಡೆದ ದೇಶದ ಮೊದಲ ಜನ ಇವರು. ಜೇನು, ನೆಲ್ಲಿ, ಸೀಗೆ, ಪಾಚಿ ತರುವುದು ಈಗ ಅವರ ಹಕ್ಕು. ಜೇನುತುಪ್ಪ ಕೊಳ್ಳುವುದಾದರೆ ಬೆಟ್ಟದ ಮೇಲಿರುವ ಸೋಲಿಗರ ಸಹಕಾರ ಸಂಘದಲ್ಲೇ ಕೊಳ್ಳಿ, ಅದನ್ನು ಲ್ಯಾಂಪ್ಸ್ ಅಂತ ಕರೆಯುತ್ತಾರೆ.

ದೊಡ್ಡ ಸಂಪಿಗೆ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ನೂರಾರು ವರ್ಷದ ಸಂಪಿಗೆ ಮರ, ಪಕ್ಕದಲ್ಲೇ ಭಾರ್ಗವಿ ಹೊಳೆ, ಬುಡದಲ್ಲಿ ಸಾಲುಸಾಲು ಲಿಂಗದ ಕಲ್ಲು. ಸೋಲಿಗರಿಗೆ ಆ ಮರವೇ ದೇವರು. ಕಾಡಿನ ಒಳಭಾಗದಲ್ಲಿದೆ, ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಕ್ಕರೆ ಚಪ್ಪಲಿ ದೂರ ಬಿಟ್ಟು ಹೋಗಿ. ಸಿಗದಿದ್ದರೆ ಕಳ್ಳದಾರಿ ಹುಡುಕಬೇಡಿ. ಅದೊಂದೇ ಅಲ್ಲ, ಕಾಡಿನ ತುಂಬ ಅವರ ಗುರುತುಗಳಿವೆ. ಒಂದೊಂದು ಕುಲಕ್ಕೂ ಒಂದೊಂದು ಯೆಲ್ಲೆ, ಅಂದರೆ ಅವರ ಪಾಲಿನ ಕಾಡು, ಅದರೊಳಗೆ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಅನ್ನೋ ಪವಿತ್ರ ಜಾಗಗಳು. ಅಬ್ಬಿ ಅಂದರೆ ನೀರಿನ ಜಾಗ, ಕಲ್ಲುಗುಡಿ ಅಂದರೆ ಸತ್ತವರಿಗೆ ಕಲ್ಲು ಇಟ್ಟ ಜಾಗ. ನಮಗೆ ಸುಮ್ನೆ ಬಿದ್ದಿರುವ ಕಲ್ಲು ಅನಿಸಿದ್ದು ಅವರ ಅಜ್ಜನದ್ದಾಗಿರಬಹುದು. ಹಾಗಾಗಿ ಕಲ್ಲಿನ ಮೇಲೆ ಕೂರುವ ಮುಂಚೆ ಜೊತೆಯವರನ್ನು ಕೇಳಿ.

ಸೋಲಿಗರ ರೊಟ್ಟಿ ಹಬ್ಬದ ಕಾಲದಲ್ಲಿ ಹೋಗಿದ್ದು, ಅವರಾಗಿಯೇ ಕರೆದರೆ, ರಾತ್ರಿ ಉಳಿದುಕೊಳ್ಳಿ. "ಗೊರುಕೊ ಗೊರುಕಾನ" ಅಂತ ಸೊಲ್ಲು ಎತ್ತಿ ಕುಣಿಯುತ್ತಾರೆ, ಒಂದೊಂದು ಸೊಲ್ಲಿನಲ್ಲೂ ಒಂದು ಮರವೋ ಹಕ್ಕಿಯೋ ಬರುತ್ತದೆ. ಬೆಳಗ್ಗೆ ಕಿಟಕಿಯಿಂದ ನೋಡಿದ ಕಾಡನ್ನೇ ರಾತ್ರಿ ಹಾಡಿನಲ್ಲಿ ಕೇಳಬಹುದು.

ಇಳಿಯುವಾಗ ಮಧ್ಯಾಹ್ನ ಊಟ ಮುಗಿಸಿ ಬೇಗ ಹೊರಡಿ. ಕೆ.ಗುಡಿ ರಸ್ತೆಯಲ್ಲಿ ಕಾಟಿ, ಜಿಂಕೆ ಸಾಮಾನ್ಯವಾಗಿ ಸಿಗುತ್ತವೆ. ಆನೆ ಅಡ್ಡ ಬಂದರೆ ಹಾರ್ನ್ ಮಾಡದೆ ದೂರದಲ್ಲೇ ನಿಂತು ಕಾಯಿರಿ, ಅದು ದಾಟಿದ ಮೇಲೂ ಎರಡು ನಿಮಿಷ ಬಿಟ್ಟು ಹೊರಡಿ, ಹಿಂದೆ ಮರಿ ಇರಬಹುದು. ನೀರಿನ ಬಾಟಲಿ, ಕವರ್ ಎಲ್ಲ ನಿಮ್ಮ ಬ್ಯಾಗಿನಲ್ಲೇ ಕೆಳಗೆ ಬರಲಿ. ಹೊಂಡರಬಾಳು ಹತ್ತಿರವಾದಂತೆ ಮತ್ತೆ ಅದೇ ಸಣ್ಣ ಎಲೆಯ ಮುಳ್ಳುಕಂಟಿ ಶುರುವಾಗುತ್ತದೆ. ಅಲ್ಲಿಗೆ ನಾಡುಕಾಡು ಮುಗಿಯಿತು, ಗೇಟು ಬಂತು.