ಮಗುವಿನ ಹೈ ಚೇರ್: ಟ್ರೇ ಒರೆಸಿದರೆ ಸಾಲದು, ಬಿಚ್ಚಿ ತೊಳೆಯಿರಿ

ಮಗುವಿನ ಊಟ ಆದ ತಕ್ಷಣ ಟ್ರೇ ಒರೆಸುವುದನ್ನು ಎಲ್ಲರೂ ಮಾಡುತ್ತೇವೆ. ಆದರೆ ಹೈ ಚೇರ್‌ನಲ್ಲಿ ನಿಜವಾದ ಕೊಳೆ ಕೂರುವುದು ಬೆಲ್ಟ್‌ನಲ್ಲಿ, ಬಕಲ್ ಒಳಗೆ, ಕುಶನ್ ಹೊಲಿಗೆಯ ಸಂದಿಯಲ್ಲಿ. ಮಗು ಅದೇ ಬೆಲ್ಟನ್ನು ಬಾಯಿಗಿಟ್ಟು ಚೀಪುತ್ತದೆ, ಅಲ್ವಾ? ಅದಕ್ಕೇ ವಾರಕ್ಕೊಮ್ಮೆಯಾದರೂ ಪೂರ್ತಿ ಬಿಚ್ಚಿ ತೊಳೆಯಬೇಕು. ಬೆಳಗ್ಗೆಯೇ ಶುರು ಮಾಡಿ. ತೊಳೆಯುವುದಕ್ಕಿಂತ ಒಣಗುವುದಕ್ಕೇ ಜಾಸ್ತಿ ಹೊತ್ತು ಬೇಕು.

ಬಿಚ್ಚುವ ಮೊದಲು ಬೆಲ್ಟ್ ಯಾವ ತೂತಿನಿಂದ ಹೇಗೆ ಬಂದಿದೆ ಅಂತ ಹಿಂದೆ ಮುಂದೆ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಟ್ರೇ, ಕುಶನ್, ಬೆಲ್ಟ್, ಏನೇನು ಬಿಚ್ಚಲು ಬರುತ್ತದೋ ಎಲ್ಲ ತೆಗೆದು, ಚೇರನ್ನು ಬಚ್ಚಲಲ್ಲೋ ಬಾಲ್ಕನಿಯಲ್ಲೋ ತಲೆಕೆಳಗು ಮಾಡಿ ಚೆನ್ನಾಗಿ ಕೊಡವಿ. ಒಣಗಿದ ಅಗುಳು, ಬಿಸ್ಕತ್ತಿನ ಪುಡಿ ಎಲ್ಲ ಉದುರಲಿ. ಮೊದಲೇ ನೀರು ಸುರಿದರೆ ಪುಡಿ ನೆನೆದು ಸಂದಿಯೊಳಗೆ ಇನ್ನೂ ಆಳಕ್ಕೆ ಹೋಗುತ್ತದೆ.

ರಾಗಿ ಸರಿ ಒಣಗಿತೆಂದರೆ ಸಿಮೆಂಟ್ ಇದ್ದ ಹಾಗೆ. ಅದನ್ನು ಚಾಕುವಿನಿಂದ ಕೆರೆಯಬೇಡಿ, ಸ್ಟೀಲ್ ನಾರೂ ಬೇಡ. ಪ್ಲಾಸ್ಟಿಕ್ ಮೇಲೆ ಗೀರು ಬಿದ್ದರೆ ಮುಂದೆ ಅಲ್ಲೇ ಕೊಳೆ ಕೂರುತ್ತದೆ. ಹಳೇ ಹತ್ತಿ ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ, ಹಿಂಡಿ, ಅದರ ಮೇಲೆ ಹತ್ತು ನಿಮಿಷ ಹಾಸಿ. ಬೆರಳಲ್ಲಿ ತಳ್ಳಿದರೆ ಬಿಟ್ಟುಕೊಳ್ಳುತ್ತದೆ. ತುಪ್ಪದ ಜಿಡ್ಡಿಗೆ ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಟ್ರೇಯ ಅಡಿಭಾಗ ಮತ್ತು ಅದು ಜಾರಿ ಕೂರುವ ಸಂದಿಗಳನ್ನು ಮರೆಯಬೇಡಿ, ಇರುವೆ ಬರುವುದು ಅಲ್ಲಿಗೇ.

ಈಗ ಬೆಲ್ಟ್. ಒಂದು ಬೋಗುಣಿಯಲ್ಲಿ ಬೆಚ್ಚಗಿನ ನೀರಿಗೆ ಅದೇ ಲಿಕ್ವಿಡ್ ನಾಲ್ಕು ಹನಿ ಹಾಕಿ ಅರ್ಧ ಗಂಟೆ ನೆನೆಸಿ. ನೀರಿನ ಬಣ್ಣ ನೋಡಿದರೆ ಇಷ್ಟು ದಿನ ಮಗು ಏನು ಚೀಪುತ್ತಿತ್ತು ಅಂತ ಗೊತ್ತಾಗುತ್ತದೆ. ಆಮೇಲೆ ಮೆತ್ತನೆಯ ಟೂತ್‌ಬ್ರಷ್‌ನಿಂದ ನೇಯ್ಗೆಯ ಉದ್ದಕ್ಕೂ ಉಜ್ಜಿ, ಸೋಪಿನ ಜಾರು ಹೋಗುವ ತನಕ ಜಾಲಿಸಿ. ಬಕಲ್‌ನ ಗುಂಡಿ ಒತ್ತಿ ಹಿಡಿದುಕೊಂಡೇ ನಲ್ಲಿಯ ಕೆಳಗೆ ಹಿಡಿಯಿರಿ, ಒಳಗೆ ಸಿಕ್ಕಿದ ಅನ್ನ ಹೊರಗೆ ಬರುತ್ತದೆ. ಬಕಲ್ ಬಿಗಿಯಾಗಿದೆ ಅಂತ ಎಣ್ಣೆ ಬಿಡಬೇಡಿ, ಎಣ್ಣೆಗೆ ಇನ್ನಷ್ಟು ಪುಡಿ ಅಂಟುತ್ತದೆ. ಬೆಲ್ಟಿಗೆ ಬ್ಲೀಚ್ ಬೇಡವೇ ಬೇಡ. ನೂಲಿನ ಬಲ ಕಡಿಮೆಯಾಗುತ್ತದೆ, ಮಗುವನ್ನು ಬೀಳದ ಹಾಗೆ ಹಿಡಿದಿಡುವುದು ಅದೇ ನೂಲು.

ಕುಶನ್ ರೆಕ್ಸಿನ್ನಿನದಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಹತ್ತಿರ ಬ್ರಷ್ ಆಡಿಸಿ. ಬಟ್ಟೆಯದಾದರೆ ಲೇಬಲ್ ನೋಡಿ ಮೆಶಿನ್‌ಗೆ ಹಾಕಿ. ಬೇಳೆ, ಕಿಚಡಿಯ ಅರಿಶಿನ ಕಲೆಗೆ ಸೋಪು ತಾಗಿದಾಗ ಕೆಂಪಾದರೆ ಗಾಬರಿಯಾಗಬೇಡಿ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಗೆ ಕೆಂಪು ನೀರು ಮಾಡುತ್ತೇವಲ್ಲ, ಇದೂ ಅದೇ ಗುಣ. ಚೆನ್ನಾಗಿ ಜಾಲಿಸಿ ಬಿಸಿಲಿಗಿಡಿ, ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಆದರೆ ರೆಕ್ಸಿನ್ ಮತ್ತು ಪ್ಲಾಸ್ಟಿಕ್ಕನ್ನು ದಿನವಿಡೀ ಬಿಸಿಲಲ್ಲಿ ಬಿಡಬೇಡಿ, ಬಿರುಕು ಬಿಡುತ್ತದೆ.

ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಸಮಪಾಲು ನೀರು ಬೆರೆಸಿದ ವಿನೆಗರ್ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. ವಿನೆಗರ್ ಮತ್ತು ಅಡುಗೆ ಸೋಡಾ ಒಟ್ಟಿಗೆ ಸುರಿದರೆ ಬುಸ್ ಅಂತ ನೊರೆ ಬರುತ್ತದೆ ಅಷ್ಟೇ, ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತದೆ. ಬ್ಲೀಚ್ ಜೊತೆ ವಿನೆಗರ್ ಮಾತ್ರ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಬರುತ್ತದೆ. ನೆಲಕ್ಕೆ ಹಾಕುವ ಫಿನಾಯಿಲ್ ಕೂಡ ಮಗು ತಿನ್ನುವ ಜಾಗಕ್ಕೆ ಬೇಡ. ಮರದ ಚೇರ್ ಆದರೆ ನೀರು ಸುರಿಯದೆ ಒರೆಸಿ, ತಕ್ಷಣ ಒಣಬಟ್ಟೆ ಆಡಿಸಿ.

ಎಲ್ಲ ಪೂರ್ತಿ ಒಣಗಿದ ಮೇಲೇ ಜೋಡಿಸಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ, ಮಲೆನಾಡಿನ ಕಡೆ, ಕುಶನ್ ಒಳಗೆ ಸ್ವಲ್ಪ ತೇವ ಉಳಿದರೂ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಫ್ಯಾನ್ ಕೆಳಗೆ ರಾತ್ರಿಯಿಡೀ ಬಿಡಿ. ಫೋಟೊ ನೋಡಿಕೊಂಡು ಬೆಲ್ಟ್ ಪೋಣಿಸಿ, ಬಕಲ್ ಹಾಕಿ ಜೋರಾಗಿ ಎಳೆದು ನೋಡಿ, ಟ್ರೇ ಎರಡೂ ಕಡೆ ಕಟಕ್ ಅಂತ ಕೂತಿದೆಯಾ ಅಂತ ಅಲ್ಲಾಡಿಸಿ ನೋಡಿ, ಆಮೇಲೆ ಮಗುವನ್ನು ಕೂರಿಸಿ.